ವಿಳಾಸ ಅಳಿದರೂ ಅಂಕಿತ ಉಳಿಯಬೇಕು

ಶಾಸ್ತ್ರೀಯ ಬರವಣಿಗೆಯ ಗೌರವ ನಿಂತಿರುವುದು ಅದರ ಆಕರಗಳ ಮೇಲೆ. ಆಕರವನ್ನು ಹೇಳುವುದೆಂದರೆ ಲೇಖಕನು ಓದುಗನನ್ನು ಕೈಹಿಡಿದು ತಾನು ನಿಂತು ನೋಡಿದ ಸ್ಥಳಕ್ಕೆ ಕರೆದೊಯ್ಯುವುದು. ತಾನು ಕಂಡುದನ್ನು ಓದುಗನೂ ಕಾಣಲಿ, ತನ್ನಲ್ಲಿ ತಪ್ಪಿದ್ದರೆ ತಿದ್ದಲಿ ಎಂಬ ವಿನಯವು ಅಡಿಟಿಪ್ಪಣಿಯ ಸಣ್ಣಕ್ಷರಗಳಲ್ಲಿ ಅಡಗಿರುತ್ತದೆ. ಈ ವಿನಯವಿಲ್ಲದ ಪಾಂಡಿತ್ಯವು ಎಷ್ಟು ವಿಸ್ತಾರವಾಗಿದ್ದರೂ ಬರಿಯ ಹೇಳಿಕೆಯಾಗಿ ಉಳಿಯುತ್ತದೆ.

ಕಳೆದ ಎರಡು ದಶಕಗಳಲ್ಲಿ ಕನ್ನಡ ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಗಳು ಬೇರೊಂದು ರೂಪವನ್ನು ತಾಳಿವೆ. ಗ್ರಂಥದ ಹೆಸರು, ಸಂಪಾದಕರು, ಸಂಪುಟ, ಪುಟ ಎಂಬ ವಿವರಗಳಿದ್ದ ಸ್ಥಳದಲ್ಲಿ ಜಾಲತಾಣದ ಉದ್ದನೆಯ ವಿಳಾಸವೊಂದೇ ಕಾಣಿಸಿಕೊಳ್ಳುತ್ತಿದೆ. ಗಣಕದಲ್ಲಿ ಓದುವ ಪ್ರಬಂಧವಾದರೆ ಆ ವಿಳಾಸವೇ ಕೊಂಡಿಯಾಗಿರುತ್ತದೆ. ಮುಟ್ಟಿದೊಡನೆ ಆಕರವೇ ಕಣ್ಣೆದುರು ತೆರೆದುಕೊಳ್ಳಬೇಕು. ಆದರೆ ಪ್ರಬಂಧ ಪ್ರಕಟವಾಗಿ ಐದಾರು ವರ್ಷ ಕಳೆಯುವಷ್ಟರಲ್ಲಿ ಅನೇಕ ಕೊಂಡಿಗಳು ಎಲ್ಲಿಗೂ ಒಯ್ಯುವುದಿಲ್ಲ. ‘404’ ಎಂಬ ಅಂಕಿಯೊಂದು ಎದ್ದುನಿಂತು, ಕೇಳಿದ ಪುಟ ಇಲ್ಲಿ ಇಲ್ಲವೆಂದು ಸಾರುತ್ತದೆ. ಇದನ್ನು ಯಂತ್ರದ ದೋಷವೆಂದು ತಳ್ಳಿಹಾಕುವ ವಾಡಿಕೆ ವಿದ್ವಾಂಸರಲ್ಲಿದೆ. ವಿಚಾರಿಸಿ ನೋಡಿದರೆ ಇದು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಆಕರವನ್ನು ಹೇಳುವ ಕ್ರಮದಲ್ಲಿಯೇ ಇರುವ ದೋಷ. ವಸ್ತುವಿನ ಹೆಸರನ್ನು ಹೇಳದೆ ಅದು ಒಂದು ಕಾಲದಲ್ಲಿದ್ದ ಮನೆಯನ್ನು ಮಾತ್ರ ಹೇಳುವುದು ಆ ದೋಷದ ಸ್ವರೂಪ.

ಈ ಮಾತನ್ನು ಸ್ಪಷ್ಟಪಡಿಸಲು ಗಣಕಯಂತ್ರದವರೆಗೆ ಹೋಗಬೇಕಾದುದಿಲ್ಲ. ಹಾನಗಲ್ಲ ತಾಲೂಕಿನ ತಿಳವಳ್ಳಿಯು 13ನೆಯ ಶತಮಾನದ ಶಾಂತೇಶ್ವರ ದೇವಾಲಯದಿಂದ ಹೆಸರಾದ ಊರು. ಅದರ ನೆರೆಯ ಹಿರೇಕೆರೂರ ತಾಲೂಕಿನಲ್ಲಿ ಅಬಲೂರು ಇದೆ. ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವು ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಕಾರಣ ಶೈವ ಇತಿಹಾಸದ ಅಭ್ಯಾಸಿಗಳಿಗೆಲ್ಲ ಪರಿಚಿತವಾದುದು. ಇದನ್ನು ಜೆ. ಎಫ್. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 1898–99ರ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಗ ಅಬಲೂರು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯ ಕೋಡ ತಾಲೂಕಿನ ಗ್ರಾಮ. ಇಂದು ಕೋಡ ತಾಲೂಕು ಎಂಬ ಹೆಸರೇ ಬಳಕೆಯಲ್ಲಿಲ್ಲ. ಅದು ಹಿರೇಕೆರೂರ ತಾಲೂಕಾಯಿತು. 1956ರಲ್ಲಿ ಪ್ರದೇಶವು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಹಾವೇರಿ ಜಿಲ್ಲೆ ಬೇರೆಯಾಯಿತು. ನೂರು ವರ್ಷಗಳಲ್ಲಿ ವಿಳಾಸದ ಪ್ರತಿಯೊಂದು ಅಂಗವೂ ಬದಲಾಯಿತು; ಊರಿನ ಹೆಸರೊಂದು ಮಾತ್ರ ಉಳಿಯಿತು. ಆದರೂ ‘ಎಪಿಗ್ರಾಫಿಯಾ ಇಂಡಿಕಾ, ಸಂಪುಟ 5, ಅಬಲೂರ ಶಾಸನಗಳು’ ಎಂಬ ಉಲ್ಲೇಖವನ್ನು ಹಿಡಿದು ಹೊರಟವನು ಇಂದಿಗೂ ಶಾಸನವನ್ನು ತಪ್ಪದೆ ಮುಟ್ಟುತ್ತಾನೆ. ಮುಟ್ಟಿಸುವುದು ಸಂಪುಟದ ಹೆಸರು ಮತ್ತು ಸಂಖ್ಯೆ, ತಾಲೂಕು ಜಿಲ್ಲೆಗಳಲ್ಲ.

ಇದಕ್ಕೆ ಇನ್ನೊಂದು ನಿದರ್ಶನವನ್ನು ಹಳೆಯ ಮೈಸೂರಿನ ಕಡೆಯಿಂದ ಕೊಡಬಹುದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಾಸನಗಳಿಗೆ ತಾಲೂಕುವಾರು ಸಂಖ್ಯೆಗಳನ್ನು ಕೊಡಲಾಗಿದೆ. ಹೊನ್ನಾಳಿ, ಚನ್ನಗಿರಿಗಳ ಶಾಸನಗಳು ಅಲ್ಲಿ ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲಿವೆ. ಆ ತಾಲೂಕುಗಳೋ 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿದಾಗ ಶಾಸನಗಳ ಸಂಖ್ಯೆಗಳು ಬದಲಾದವು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದೆಂದು ತೋರಿಸುವ ವ್ಯವಸ್ಥೆಯನ್ನು ಸಂಪಾದಕರು ಒದಗಿಸಿದುದರಿಂದ ಎಪ್ಪತ್ತು ವರ್ಷಗಳ ಉಲ್ಲೇಖಗಳು ವ್ಯರ್ಥವಾಗಲಿಲ್ಲ. ಬದಲಾವಣೆ ಅನಿವಾರ್ಯವಾದಾಗ ಹಳೆಯದರಿಂದ ಹೊಸದಕ್ಕೆ ದಾರಿ ಮಾಡಿಕೊಡುವುದು ಸಂಪಾದಕರ ಧರ್ಮ ಎಂಬುದಕ್ಕೆ ಇದು ಸಾಕ್ಷಿ.

ವಚನವಾಙ್ಮಯದ ಅಭ್ಯಾಸಿಗಳಿಗೆ ಈ ಸಮಸ್ಯೆ ಹೊಸದಲ್ಲ. ಶರಣರ ಪ್ರತಿಯೊಂದು ವಚನದಲ್ಲಿಯೂ ಅಂಕಿತ ಇರುತ್ತದೆ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಓಲೆಯ ಕಟ್ಟು ಒಂದು ಮಠದಿಂದ ಇನ್ನೊಂದು ಮಠಕ್ಕೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿ, ಗರಿಗಳು ಚದುರಿ, ಮೊದಲ ಕೊನೆಯ ಗರಿಗಳು ಕಳೆದುಹೋದರೂ ವಚನವು ಯಾರದೆಂಬ ಗುರುತು ವಚನದೊಳಗೇ ಉಳಿಯಿತು. ಅದು ಹೊರಗಿನಿಂದ ಅಂಟಿಸಿದ ಚೀಟಿಯಲ್ಲ. ಕೃತಿಯ ಜೀವದೊಡನೆ ಬೆರೆತ ಹೆಸರು. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲು, 1926ರಿಂದ ‘ಶಿವಾನುಭವ’ ಪತ್ರಿಕೆಯ ಮೂಲಕ ಆ ಕಾರ್ಯವನ್ನು ಮುಂದುವರಿಸಲು ಸಾಧ್ಯವಾದುದರಲ್ಲಿ ಈ ಅಂಕಿತಗಳ ಪಾಲು ದೊಡ್ಡದು. ಓಲೆ ಸಿಕ್ಕ ಮನೆಯ ವಿಳಾಸವೊಂದನ್ನೇ ನೆಚ್ಚಿಕೊಂಡಿದ್ದರೆ ಇಂದು ಯಾವ ವಚನ ಯಾರದೆಂದು ನಿರ್ಣಯಿಸುವುದು ಅಸಾಧ್ಯವಾಗುತ್ತಿತ್ತು.

ಆದರೆ ಅಂಕಿತವು ಕರ್ತೃವನ್ನು ಗುರುತಿಸುತ್ತದೆಯೇ ಹೊರತು ಒಬ್ಬನೇ ಕರ್ತೃವಿನ ನೂರಾರು ವಚನಗಳಲ್ಲಿ ಇಂತಹುದೇ ಎಂದು ಬೆರಳಿಟ್ಟು ತೋರಿಸುವುದಿಲ್ಲ. ಅದಕ್ಕಾಗಿ ಮುದ್ರಿತ ಆವೃತ್ತಿಗಳ ಕ್ರಮಸಂಖ್ಯೆ ಬೇಕಾಯಿತು. ಇಲ್ಲಿಯೂ ತೊಡಕುಗಳು ಹುಟ್ಟಿದವು. ಬಸವಣ್ಣನವರ ವಚನಗಳಿಗೆ ಶಿ. ಶಿ. ಬಸವನಾಳರ ಆವೃತ್ತಿಯಲ್ಲಿ ಒಂದು ಸಂಖ್ಯಾಕ್ರಮ, ಆರ್. ಸಿ. ಹಿರೇಮಠರ ಆವೃತ್ತಿಯಲ್ಲಿ ಇನ್ನೊಂದು, ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಮತ್ತೊಂದು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಬಸವಣ್ಣನವರ ವಚನಗಳಿಗೆ ಬಸವನಾಳರ ಸಂಖ್ಯೆಗಳನ್ನೇ ಇಟ್ಟುಕೊಂಡಿದ್ದಾರೆ. ಆ ಸಂಖ್ಯೆಯನ್ನು ಹಿಡಿದು 1993ರ ಸಂಪುಟವನ್ನು ತೆರೆದರೆ ಬೇರೆಯೇ ವಚನ ಎದುರಾಗುತ್ತದೆ. ಆದರೂ ಯಾವ ಆವೃತ್ತಿಯ ಸಂಖ್ಯೆಯೆಂಬುದನ್ನು ರಾಮಾನುಜನ್ ಅವರು ಹೇಳಿರುವುದರಿಂದ ಓದುಗನು ದಾರಿತಪ್ಪಬೇಕಾದ ಕಾರಣವಿಲ್ಲ. ಸಂಖ್ಯೆಗಿಂತ ಮುಖ್ಯವಾದುದು ಅದು ಯಾವ ಆವೃತ್ತಿಯ ಸಂಖ್ಯೆ ಎಂಬ ಮಾತು. ಈ ವಿವೇಕವನ್ನು ಇಂದಿನ ಜಾಲೋಲ್ಲೇಖಗಳಲ್ಲಿ ಹುಡುಕಿದರೆ ನಿರಾಶೆಯೇ ಹೆಚ್ಚು.

ಈಗ ಕೊಂಡಿಗಳ ವಿಚಾರಕ್ಕೆ ಬರಬಹುದು. ಜಾಲವಿಳಾಸದಲ್ಲಿ ಮುಖ್ಯವಾಗಿ ಎರಡು ಅಂಗಗಳಿವೆ. ಮೊದಲನೆಯದು ಮಾಹಿತಿಯನ್ನಿಟ್ಟಿರುವ ತಾಣದ ಹೆಸರು; ಎರಡನೆಯದು ಆ ತಾಣದೊಳಗೆ ಕಡತವನ್ನು ತಲುಪುವ ಹಾದಿ. ತಾಣದ ಹೆಸರು ಯಾರ ಶಾಶ್ವತ ಸ್ವತ್ತೂ ಅಲ್ಲ. ಅವಧಿ ಮುಗಿದಂತೆಲ್ಲ ಹಣ ತೆತ್ತು ನವೀಕರಿಸಬೇಕು. ಯೋಜನೆಗೆ ಕೊಟ್ಟ ಅನುದಾನ ಮುಗಿದರೆ, ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರೆ ಹೆಸರು ಕೈತಪ್ಪುತ್ತದೆ. ಕೆಲವೊಮ್ಮೆ ಅದನ್ನು ಬೇರೆಯವರು ಕೊಂಡು, ಸಂಬಂಧವೇ ಇಲ್ಲದ ವ್ಯಾಪಾರಕ್ಕೆ ಬಳಸುವುದೂ ಉಂಟು. ಒಳಗಿನ ಹಾದಿಯೋ ಇನ್ನೂ ಚಂಚಲ. ತಾಣದ ವಿನ್ಯಾಸವನ್ನು ಹೊಸದಾಗಿಸಿದಾಗ ಕಡತಗಳ ಹೆಸರುಗಳು ಬದಲಾಗುತ್ತವೆ. ಹಳೆಯ ಹಾದಿಯಿಂದ ಹೊಸ ಹಾದಿಗೆ ತಾನಾಗಿ ಕಳುಹಿಸಿಕೊಡುವ ಸೂಚನೆಯನ್ನು ಬರೆದಿಡುವುದು ಕಷ್ಟದ ಕೆಲಸವಲ್ಲ. ಆದರೆ ಬರೆದಿಡುವವರು ವಿರಳ. ಕರ್ನಾಟಕ ಸರ್ಕಾರದ ಇಲಾಖೆಗಳ ತಾಣಗಳು ‘ನಿಕ್’ ಹೆಸರಿನಡಿಯಿಂದ ‘ಕರ್ನಾಟಕ ಗೌ’ ಹೆಸರಿನಡಿಗೆ ಬಂದಾಗ ಹಳೆಯ ವಿಳಾಸಗಳನ್ನು ಉಲ್ಲೇಖಿಸಿದ್ದ ಪ್ರಬಂಧಗಳ ಗತಿಯೇನಾಯಿತೆಂಬುದನ್ನು ಯಾವ ಓದುಗನಾದರೂ ಸ್ವತಃ ಪರೀಕ್ಷಿಸಬಹುದು.

ಮುರಿದ ಕೊಂಡಿಗಿಂತಲೂ ಅಪಾಯಕರವಾದುದು ಬದಲಾದ ಕೊಂಡಿ. ಮುರಿದ ಕೊಂಡಿಯು ತನ್ನ ಅಭಾವವನ್ನು ಒಪ್ಪಿಕೊಳ್ಳುತ್ತದೆ. ಬದಲಾದ ಕೊಂಡಿಯಲ್ಲಿ ವಿಳಾಸ ಅದೇ, ಪುಟ ತೆರೆಯುತ್ತದೆ, ಆದರೆ ಒಳಗಿನ ಪಾಠ ಬೇರೆಯಾಗಿರುತ್ತದೆ. ವಚನವೊಂದರ ಒಂದು ಪದವನ್ನು ಯಾರೋ ತಿದ್ದಿರುತ್ತಾರೆ. ತಿದ್ದಿದವರ ಹೆಸರಿಲ್ಲ, ತಿದ್ದಿದ ದಿನಾಂಕವಿಲ್ಲ, ಹಿಂದಿನ ಪಾಠದ ಸುಳಿವಿಲ್ಲ. ಲೇಖಕನು ಉದ್ಧರಿಸಿದ ಪಾಠವು ಅಲ್ಲಿ ಕಾಣದೆ ಹೋದಾಗ ಓದುಗನು ಲೇಖಕನನ್ನೇ ಅಪ್ರಾಮಾಣಿಕನೆಂದು ಭಾವಿಸಬಹುದು. ಶೂನ್ಯಸಂಪಾದನೆಯು ನಾಲ್ಕು ಬಾರಿ ರೂಪಾಂತರವನ್ನು ಪಡೆದ ಕೃತಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ, ಈ ನಾಲ್ವರ ಪರಿಷ್ಕರಣಗಳನ್ನು ಇಂದಿಗೂ ಬೇರೆಬೇರೆಯಾಗಿ ಗುರುತಿಸಿ ಹೋಲಿಸಿ ನೋಡಬಹುದಾಗಿದೆ. ಹಿಂದಿನವರ ಕೃತಿಯನ್ನು ಅಳಿಸಿ ಅದರ ಮೇಲೆ ತನ್ನದನ್ನು ಬರೆಯುವ ಕ್ರಮ ಅಲ್ಲಿ ನಡೆದಿದ್ದರೆ ನಾಲ್ಕರಲ್ಲಿ ಮೂರು ನಮಗೆ ದೊರೆಯುತ್ತಿರಲಿಲ್ಲ. ಪರಿಷ್ಕರಿಸುವುದು ತಪ್ಪಲ್ಲ, ಪರಿಷ್ಕರಣದ ಕುರುಹನ್ನು ಅಳಿಸುವುದು ತಪ್ಪು.

ಕನ್ನಡದ ಅಭ್ಯಾಸಿಗಳನ್ನು ನೇರವಾಗಿ ತಟ್ಟಿದ ಒಂದು ಪ್ರಸಂಗವನ್ನು ಇಲ್ಲಿ ವಿವರವಾಗಿ ನೋಡಬೇಕು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ದೊಡ್ಡ ಯೋಜನೆ ನಡೆಯಿತು. ದೇಶದ ಅನೇಕ ಗ್ರಂಥಾಲಯಗಳಲ್ಲಿದ್ದ ಲಕ್ಷಾಂತರ ಪುಸ್ತಕಗಳ ಪುಟಗಳನ್ನು ಛಾಯಾಪ್ರತಿ ಮಾಡಿ ಜಾಲದಲ್ಲಿರಿಸಿದರು. ಅವುಗಳಲ್ಲಿ ಸಾವಿರಾರು ಕನ್ನಡ ಗ್ರಂಥಗಳಿದ್ದವು. ಮರುಮುದ್ರಣವನ್ನೇ ಕಾಣದ ಪುಸ್ತಕಗಳು ಊರೂರಿನ ಅಭ್ಯಾಸಿಗಳ ಕೈಸೇರಿದವು; ಪ್ರಬಂಧಗಳಲ್ಲಿ ಆ ತಾಣದ ವಿಳಾಸಗಳು ತುಂಬಿಕೊಂಡವು. ಯೋಜನೆಯು ಬೆಂಗಳೂರಿನಲ್ಲೊಂದು, ಹೈದರಾಬಾದಿನಲ್ಲೊಂದು ಎಂದು ಬೇರೆಬೇರೆ ವಿಳಾಸಗಳಲ್ಲಿ ನಡೆಯುತ್ತಿದ್ದುದರಿಂದ ಒಂದೇ ಪುಸ್ತಕವನ್ನು ಇಬ್ಬರು ಲೇಖಕರು ಎರಡು ವಿಳಾಸಗಳಿಂದ ಉಲ್ಲೇಖಿಸುವುದೂ ಉಂಟಾಯಿತು. ಗ್ರಂಥಸ್ವಾಮ್ಯದ ಪ್ರಶ್ನೆಗಳು ಎದ್ದು, 2017ರ ಹೊತ್ತಿಗೆ ಆ ತಾಣಗಳು ಮುಚ್ಚಿದವು. ಅಂದಿನಿಂದ ಆ ವಿಳಾಸಗಳೆಲ್ಲ ನಿರರ್ಥಕ.

ಪುಸ್ತಕಗಳು ಮಾತ್ರ ಪೂರ್ಣವಾಗಿ ನಾಶವಾಗಲಿಲ್ಲ. ತಾಣ ಮುಚ್ಚುವ ಮೊದಲೇ ಅವುಗಳಲ್ಲಿ ಬಹುಭಾಗದ ಪ್ರತಿಗಳು ಅಮೆರಿಕದ ‘ಇಂಟರ್ನೆಟ್ ಆರ್ಕೈವ್’ ಎಂಬ ಸಂಸ್ಥೆಯ ಭಂಡಾರವನ್ನು ಸೇರಿದ್ದವು. ಅಲ್ಲಿ ಪ್ರತಿಯೊಂದು ಪುಸ್ತಕಕ್ಕೂ ‘ಇನ್. ಅರ್ನೆಟ್. ಡಿಎಲ್‌ಐ. 2015’ ಎಂದು ಮೊದಲಾಗಿ ಮುಂದೆ ಒಂದು ಸಂಖ್ಯೆಯುಳ್ಳ ಗುರುತು ಇದೆ. ಇದು ಅಳಿದುಹೋದ ಭಾರತೀಯ ತಾಣದ ಹೆಸರು ಮತ್ತು ಅದು ತನ್ನ ಗ್ರಂಥಗಳಿಗೆ ಕೊಟ್ಟಿದ್ದ ಸಂಖ್ಯೆ. ಮನೆ ಬಿದ್ದುಹೋದರೂ ಮನೆತನದ ಹೆಸರು ಉಳಿದಂತೆ, ತಾಣವಿಲ್ಲದಿದ್ದರೂ ಅದು ಕೊಟ್ಟ ಗುರುತು ಪುಸ್ತಕವನ್ನು ಇಂದಿಗೂ ತಲುಪಿಸುತ್ತಿದೆ. ಅಡಿಟಿಪ್ಪಣಿಯಲ್ಲಿ ಗ್ರಂಥಕರ್ತರ ಹೆಸರು, ಗ್ರಂಥದ ಹೆಸರು, ಮುದ್ರಣದ ವರ್ಷ, ಪುಟ, ಜೊತೆಗೆ ಆ ಸಂಖ್ಯೆಯನ್ನು ಬರೆದಿದ್ದ ಲೇಖಕರ ಆಕರಗಳು ಉಳಿದವು. ಬರಿಯ ವಿಳಾಸವನ್ನು ಬರೆದಿದ್ದವರ ಆಕರಗಳು ಓದುಗನ ಪಾಲಿಗೆ ಅಳಿದವು. ಎರಡು ಬಗೆಯ ಲೇಖಕರೂ ಅದೇ ಪುಸ್ತಕವನ್ನೇ ಓದಿದ್ದರು, ಅದೇ ಶ್ರಮವನ್ನೇ ಪಟ್ಟಿದ್ದರು. ವ್ಯತ್ಯಾಸವು ಉಲ್ಲೇಖದ ಒಂದೆರಡು ಸಾಲುಗಳಲ್ಲಿ ಮಾತ್ರ.

ಇದು ಕನ್ನಡದೊಂದರ ಕೊರತೆಯೆಂದು ತಿಳಿಯಬಾರದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖಿಸಿದ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಯನ್ನು ತೋರಿಸುವುದಿಲ್ಲವೆಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ವಿಜ್ಞಾನ ಪತ್ರಿಕೆಗಳ ಲೇಖನಗಳಲ್ಲಿ ಐದರಲ್ಲೊಂದು ಈ ದೋಷಕ್ಕೆ ತುತ್ತಾಗಿದೆಯೆಂದು ಅದೇ ವರ್ಷದ ಇನ್ನೊಂದು ಅಧ್ಯಯನ ಕಂಡುಕೊಂಡಿತು. 2013ರಲ್ಲಿದ್ದ ಜಾಲಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷಗಳ ಅನಂತರ ದೊರೆಯುತ್ತಿರಲಿಲ್ಲವೆಂದು ಪ್ಯೂ ಸಂಶೋಧನ ಕೇಂದ್ರವು 2024ರಲ್ಲಿ ವರದಿಮಾಡಿತು. ಜಾಲದ ಜನಕರೆನಿಸಿದ ಟಿಮ್ ಬರ್ನರ್ಸ್-ಲೀ ಅವರು ಒಳ್ಳೆಯ ವಿಳಾಸವು ಬದಲಾಗಬಾರದೆಂದು 1998ರಷ್ಟು ಹಿಂದೆಯೇ ಬರೆದು ಎಚ್ಚರಿಸಿದ್ದರು. ಎಚ್ಚರಿಕೆ ಹಳೆಯದು, ಪಾಲನೆಯೊಂದೇ ಬಾಕಿ.

ಈ ವಿಮರ್ಶೆಗೆ ಎದುರಾಗಿ ಹೇಳಬಹುದಾದ ಮಾತುಗಳೂ ಇವೆ. ಮುದ್ರಿತ ಉಲ್ಲೇಖಗಳೂ ಅಳಿಯುತ್ತವಲ್ಲವೆ, ಎಷ್ಟು ಗ್ರಂಥಗಳ ಒಂದು ಪ್ರತಿಯೂ ಇಂದು ದೊರೆಯುವುದಿಲ್ಲ, ಯಾರದೋ ಖಾಸಗಿ ಸಂಗ್ರಹದ ಓಲೆಪ್ರತಿ ಎಂದು ಬರೆದಿಟ್ಟ ಆಕರಗಳು ಎಲ್ಲಿ ಹೋದುವು ಎಂದು ಕೇಳಬಹುದು. ಈ ಆಕ್ಷೇಪ ಸಾಧುವಾದುದೇ. ಆದರೆ ಮುದ್ರಿತ ಗ್ರಂಥವು ಅಳಿಯಬೇಕಾದರೆ ಹಲವು ಊರುಗಳಲ್ಲಿರುವ ನೂರಾರು ಪ್ರತಿಗಳೆಲ್ಲ ಅಳಿಯಬೇಕು. ಜಾಲದ ಕಡತವು ಅಳಿಯಲು ಒಂದು ಯಂತ್ರ ನಿಂತರೆ ಸಾಕು. ಓಲೆಪ್ರತಿಗಳು ಕಳೆದುಹೋದ ಅನುಭವವೇ ಹಿರಿಯರಿಗೆ ಸಂಗ್ರಹದ ಮಹತ್ತ್ವವನ್ನು ಕಲಿಸಿತು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ತಾಳೆಗರಿಗಳ ಭಂಡಾರವೊಂದು ಬೆಳೆದುದು ಆ ಅರಿವಿನ ಫಲ. ಕಳೆದುಹೋದುದರಿಂದ ಪಾಠ ಕಲಿಯುವುದು ಒಂದು. ಹಿಂದೆಯೂ ಕಳೆದುಹೋಗುತ್ತಿತ್ತೆಂದು ಸಮಾಧಾನಪಟ್ಟುಕೊಳ್ಳುವುದು ಇನ್ನೊಂದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಜಾಲವಿಲ್ಲದಿದ್ದರೆ ತಿಳವಳ್ಳಿಯಂತಹ ಊರಿನ ಅಭ್ಯಾಸಿಗೆ ಈ ಗ್ರಂಥಗಳು ದೊರೆಯುತ್ತಲೇ ಇರಲಿಲ್ಲ, ಹೀಗಿರುವಾಗ ಅದನ್ನು ದೂಷಿಸುವುದು ಕೃತಘ್ನತೆಯಲ್ಲವೆ ಎಂಬುದು ಆ ಆಕ್ಷೇಪ. ಜಾಲದ ಉಪಕಾರವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠವು ಶರಣರ ವಚನಗಳನ್ನು ಗಣಕಕ್ಕೆ ಅಳವಡಿಸಿರುವುದು, ‘ವಚನ ಸಂಚಯ’ದ ತರುಣರು ಪದವೊಂದನ್ನು ಕೊಟ್ಟೊಡನೆ ಅದು ಬರುವ ವಚನಗಳನ್ನೆಲ್ಲ ತೋರಿಸುವ ವ್ಯವಸ್ಥೆಯನ್ನು ಮಾಡಿರುವುದು ಹಿಂದಿನ ತಲೆಮಾರು ಕನಸಿನಲ್ಲಿಯೂ ಎಣಿಸದ ಸೌಕರ್ಯಗಳು. ಆದರೆ ಉಪಕಾರ ದೊಡ್ಡದಾದಷ್ಟೂ ಅದು ಕೈತಪ್ಪಿದಾಗಿನ ಹಾನಿಯೂ ದೊಡ್ಡದು. ಧಾರವಾಡ, ಮೈಸೂರುಗಳ ವಿಶ್ವವಿದ್ಯಾನಿಲಯದ ಗ್ರಂಥಾಲಯಗಳ ಆವರಣದಲ್ಲಿರುವವನು ಕೊಂಡಿ ಮುರಿದರೆ ಎದ್ದುಹೋಗಿ ಕಪಾಟಿನಲ್ಲಿ ಪುಸ್ತಕವನ್ನು ಹುಡುಕಬಲ್ಲನು. ಹಳ್ಳಿಯಲ್ಲಿ ಕುಳಿತವನಿಗೆ ಕೊಂಡಿಯೇ ಕಪಾಟು. ಅವನ ಕೈಯಲ್ಲಿ ಮುರಿದ ಕೊಂಡಿಯನ್ನಿಟ್ಟ ಲೇಖಕನು, ತನ್ನ ಮಾತನ್ನು ಪರೀಕ್ಷಿಸುವ ಹಕ್ಕನ್ನೇ ಅವನಿಂದ ಕಸಿದುಕೊಂಡಂತಾಗುತ್ತದೆ. ವಿದ್ಯೆಯು ಮತ್ತೆ ಪಟ್ಟಣದ ಕೆಲವರ ಸ್ವತ್ತಾಗುವುದು ಹೀಗೆಯೇ.

ಪರಿಹಾರದ ಮಾತಿಗೆ ಬಂದರೆ, ಅದು ಲೇಖಕರಲ್ಲಿ ಅರ್ಧ, ಸಂಸ್ಥೆಗಳಲ್ಲಿ ಅರ್ಧ ಇದೆ. ಲೇಖಕನು ವಿಳಾಸವನ್ನು ಕೊಡುವುದಕ್ಕೆ ಮುಂಚೆ ವಸ್ತುವನ್ನು ಹೆಸರಿಸಬೇಕು. ವಚನವಾದರೆ ವಚನಕಾರರ ಹೆಸರು, ಅಂಕಿತ, ಆವೃತ್ತಿ, ಸಂಪುಟ, ಕ್ರಮಸಂಖ್ಯೆ. ಶಾಸನವಾದರೆ ಸಂಪುಟ, ಸಂಖ್ಯೆ, ಊರು. ಗ್ರಂಥವಾದರೆ ಮುದ್ರಣದ ವರ್ಷ ಮತ್ತು ಪುಟ. ವಿಳಾಸವು ಇವುಗಳ ಹಿಂದೆ ಬರಬೇಕು. ಅದನ್ನು ನೋಡಿದ ದಿನಾಂಕ ಅದರ ಜೊತೆಗಿರಬೇಕು. ಓಲೆಯ ಲಿಪಿಕಾರರು ಬರೆದು ಮುಗಿಸಿದ ಸಂವತ್ಸರ, ಮಾಸ, ತಿಥಿಗಳನ್ನು ಕೊನೆಯಲ್ಲಿ ಹೇಳುತ್ತಿದ್ದುದು ವೃಥಾ ಆಡಂಬರವಾಗಿರಲಿಲ್ಲ. ಉದ್ದದ ವಿಳಾಸವನ್ನು ಕಿರಿದುಗೊಳಿಸಿ ಕೊಡುವ ಸೇವೆಗಳನ್ನು ಶಾಸ್ತ್ರಗ್ರಂಥದಲ್ಲಿ ಬಳಸಲೇಬಾರದು. ಗೂಗಲ್ ಸಂಸ್ಥೆಯು 2009ರಲ್ಲಿ ಆರಂಭಿಸಿದ ಅಂತಹ ಸೇವೆಯಲ್ಲಿ 2019ರಿಂದ ಹೊಸ ಕೊಂಡಿಗಳನ್ನು ಮಾಡುವುದೇ ನಿಂತಿತು. ಆ ಕಿರುಕೊಂಡಿಯಲ್ಲಿ ಮೂಲದ ಹೆಸರಿನ ಒಂದಕ್ಷರವೂ ಕಾಣದು. ಅದು ಅಳಿದರೆ ಊಹಿಸಲೂ ಆಸ್ಪದವಿಲ್ಲ. ಮುದ್ರಿತ ಪುಸ್ತಕಗಳಲ್ಲಿ ಅಚ್ಚಾಗುತ್ತಿರುವ ಕ್ಯೂಆರ್ ಚೌಕಗಳಿಗೂ ಈ ಮಾತು ಅನ್ವಯಿಸುತ್ತದೆ.

ಜಾಲಪುಟವನ್ನು ಉಲ್ಲೇಖಿಸುವಾಗ ಅದರ ಆ ದಿನದ ಪ್ರತಿಯನ್ನು ಸಂರಕ್ಷಿತ ಭಂಡಾರವೊಂದರಲ್ಲಿ ಇರಿಸುವುದು ಇನ್ನೊಂದು ಉಪಾಯ. 2001ರಿಂದ ‘ವೇಬ್ಯಾಕ್ ಮಷೀನ್’ ಎಂಬ ಹೆಸರಿನಲ್ಲಿ ಇಂಟರ್ನೆಟ್ ಆರ್ಕೈವ್ ಈ ಸೇವೆಯನ್ನು ಸಾರ್ವಜನಿಕರಿಗೆ ಒದಗಿಸಿದೆ. ದಿನಾಂಕಸಹಿತವಾಗಿ ಪುಟವನ್ನು ಕಾಪಿಡುವುದರಿಂದ ಬದಲಾದ ಪಾಠವನ್ನು ಹಳೆಯದರೊಡನೆ ಹೋಲಿಸಬಹುದು. ಆದರೆ ಆ ಸಂಸ್ಥೆಯೂ 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಕೆಲವು ದಿನ ಸ್ಥಗಿತಗೊಂಡಿತೆಂಬುದನ್ನು ಮರೆಯಬಾರದು. ಒಂದೇ ಭಂಡಾರವನ್ನು ನೆಚ್ಚುವುದು ಒಂದೇ ಓಲೆಪ್ರತಿಯನ್ನು ನೆಚ್ಚಿದಂತೆ.

ಸಂಸ್ಥೆಗಳ ಹೊಣೆ ಇದಕ್ಕಿಂತ ಹಿರಿದು. ಪ್ರಪಂಚದ ವಿದ್ವತ್ಪತ್ರಿಕೆಗಳು 2000ದ ಸುಮಾರಿನಿಂದ ಲೇಖನಗಳಿಗೆ ‘ಡಿಓಐ’ ಎಂಬ ಸ್ಥಿರ ಸಂಖ್ಯೆಯನ್ನು ಕೊಡುತ್ತಿವೆ. ಲೇಖನವು ಒಂದು ತಾಣದಿಂದ ಇನ್ನೊಂದಕ್ಕೆ ಹೋದರೆ ಪ್ರಕಾಶಕರು ಕೇಂದ್ರದ ದಾಖಲೆಯಲ್ಲಿ ಹೊಸ ವಿಳಾಸವನ್ನು ಬರೆಯುತ್ತಾರೆ. ಮುದ್ರಿತ ಸಂಖ್ಯೆ ಬದಲಾಗುವುದಿಲ್ಲ. ಭಾರತದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳನ್ನು ಸಂಗ್ರಹಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ದಲ್ಲಿಯೂ ಪ್ರತಿ ಪ್ರಬಂಧಕ್ಕೆ 10603 ಎಂದು ಮೊದಲಾಗುವ ಸ್ಥಿರ ಸಂಖ್ಯೆ ಇದೆ, ಕನ್ನಡ ಪ್ರಬಂಧಗಳನ್ನು ಉಲ್ಲೇಖಿಸುವವರು ಅದನ್ನೇ ಬರೆಯಬೇಕು. ಆದರೆ ಸಂಖ್ಯೆಯು ತಾನಾಗಿ ಏನನ್ನೂ ಕಾಪಾಡದು. ದಾಖಲೆಯನ್ನು ತಿದ್ದುವ ಮನುಷ್ಯನಿಲ್ಲದಿದ್ದರೆ ಸ್ಥಿರ ಸಂಖ್ಯೆಯೂ ಮುರಿದ ಕೊಂಡಿಯಾಗುತ್ತದೆ. ವಿಶ್ವವಿದ್ಯಾನಿಲಯಗಳು, ಅಕಾಡೆಮಿಗಳು, ಗ್ರಂಥಪ್ರಕಟಣೆಯನ್ನು ಕೈಗೊಂಡ ಮಠಗಳು ತಾಣವನ್ನು ತೆರೆಯುವ ಸಮಾರಂಭಕ್ಕೆ ತೋರುವ ಉತ್ಸಾಹವನ್ನು ಅದನ್ನು ಮೂವತ್ತು ವರ್ಷ ನಡೆಸುವ ಏರ್ಪಾಡಿಗೂ ತೋರಬೇಕು. ಮಾತೃಕೆಯ ಪಾಠ ಬದಲಾದರೆ ಬದಲಾದುದೇನು, ಯಾವಾಗ, ಯಾರಿಂದ ಎಂಬುದನ್ನು ಪುಟದಲ್ಲಿಯೇ ನಮೂದಿಸಬೇಕು. ತಾಣವನ್ನು ಮುಚ್ಚಲೇಬೇಕಾದರೆ ಗ್ರಂಥಗಳು ಎಲ್ಲಿಗೆ ಹೋದವೆಂದು ಬಾಗಿಲ ಮೇಲೆ ಬರೆದು ಮುಚ್ಚಬೇಕು. ದಾಸೋಹಕ್ಕೆ ಕರೆದು ಮನೆಗೆ ಬೀಗ ಹಾಕಿಕೊಂಡು ಹೋಗುವುದು ಯಾವ ಸಂಪ್ರದಾಯದಲ್ಲಿಯೂ ಸಲ್ಲದು.

ತಿಳವಳ್ಳಿಯಲ್ಲಿ ಕುಳಿತ ಅಭ್ಯಾಸಿಯೊಬ್ಬನು ಅಬಲೂರ ಶಾಸನವನ್ನು ಕುರಿತ ಎರಡು ಪ್ರಬಂಧಗಳನ್ನು ಓದುತ್ತಿರುವನೆಂದು ಭಾವಿಸೋಣ. ಒಂದು 1900ರ ಸುಮಾರಿನದು, ಇನ್ನೊಂದು ಹತ್ತು ವರ್ಷಗಳ ಹಿಂದಿನದು. ಮೊದಲನೆಯದರ ಸಂಪುಟ ಸಂಖ್ಯೆಯನ್ನು ಹಿಡಿದು ಅವನು ಮೂಲ ಪಾಠವನ್ನು ತಲುಪಿ, ಓದಿ, ಬೇಕಾದರೆ ಫ್ಲೀಟ್ ಅವರೊಡನೆಯೇ ಭಿನ್ನಾಭಿಪ್ರಾಯವನ್ನು ತಾಳಬಲ್ಲನು. ಎರಡನೆಯದರ ಕೊಂಡಿಯನ್ನು ಮುಟ್ಟಿದರೆ ಬರಿಯ ‘404’. ಹಳೆಯ ಪ್ರಬಂಧವು ಅವನನ್ನು ಸಹಸಂಶೋಧಕನೆಂದು ಮನ್ನಿಸುತ್ತದೆ. ಹೊಸದು ಅವನನ್ನು ಬಾಗಿಲಲ್ಲಿ ನಿಲ್ಲಿಸಿ ತನ್ನ ಮಾತನ್ನು ನಂಬಿಕೊಳ್ಳೆನ್ನುತ್ತದೆ. ಶರಣರು ತಮ್ಮ ಪ್ರತಿಯೊಂದು ಮಾತಿನ ಕೊನೆಗೂ ಅಂಕಿತವನ್ನಿಟ್ಟು, ಅದು ಎಲ್ಲಿಗೆ ಹೋದರೂ ಗುರುತು ಸಿಗುವಂತೆ ಮಾಡಿದರು. ಅವರ ವಚನಗಳನ್ನು ಕುರಿತು ಬರೆಯುವವರು ತಮ್ಮ ಅಡಿಟಿಪ್ಪಣಿಗಳಿಗೂ ಅಷ್ಟು ಎಚ್ಚರವನ್ನು ಸಲ್ಲಿಸುವುದು ನ್ಯಾಯ.